ಮಾಳಿಗೆಯ ಮೇಲೆ ಕಾಕಾ

2007ರ ಅಕ್ಟೋಬರ್‌ನ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಸ್ಯಾನ್ ಡಿಯಾಗೋದ ಉತ್ತರಕ್ಕೆ, ಗುಡ್ಡದ ಮೇಲಿನ ಒಂದು ಬೀದಿಯ ಬಾಯಲ್ಲಿ, ಪೊಲೀಸರು ಕಟ್ಟಿದ ಹಳದಿ ಪಟ್ಟಿಯ ಈಚೆ ನಿಂತಿದ್ದೆ. ಬೀದಿಯ ಕೊನೆಯ ಮನೆಯ ಮಾಳಿಗೆಯ ಮೇಲೆ ಒಬ್ಬರಿದ್ದರು. ಆ ಸೆಕೆಯಲ್ಲಿ ಮೊಣಕಾಲು ಮುಟ್ಟುವ ಉಣ್ಣೆಯ ಕೋಟು, ತಲೆಗೆ ಒದ್ದೆ ಟವೆಲು, ಕೈಯಲ್ಲಿ ನೀರಿನ ಪೈಪು. ಅವರು ನನ್ನ ಕಾಕಾ, ಅಪ್ಪನ ತಮ್ಮ. ಅವರ ತಲೆ ಸ್ವಲ್ಪ ಸಡಿಲ ಎಂಬ ವಿಷಯದಲ್ಲಿ ನಮ್ಮ ಬಳಗದಲ್ಲಿ ಎರಡು ಮಾತಿರಲಿಲ್ಲ. ಬೇರೆ ಯಾವ ವಿಷಯದಲ್ಲಿ ನಾವು ಅಷ್ಟು ಒಗ್ಗಟ್ಟಾಗಿದ್ದೆವು ಹೇಳಿ!

ಕಾಕಾ ಧಾರವಾಡದವರು. ಆದರೆ ಆಸ್ಟ್ರೇಲಿಯಾದ ಗುಡ್ಡಗಾಡಿನ ಒಂದು ಸಣ್ಣ ಊರಿನಲ್ಲಿ ನೀರು ಸರಬರಾಜಿನ ಎಂಜಿನಿಯರಾಗಿ ಇಪ್ಪತ್ತು ವರ್ಷ ಇದ್ದು, ಪೂರ್ತಿ ಅಲ್ಲಿಯವರೇ ಆಗಿಬಿಟ್ಟಿದ್ದರು. 2001ರ ಕೊನೆಗೆ ಇದ್ದಕ್ಕಿದ್ದಂತೆ ಎಲ್ಲ ಬಿಟ್ಟು ಕಾಕುವನ್ನು, ಅಂದರೆ ನನ್ನ ಚಿಕ್ಕಮ್ಮನನ್ನು, ಕರೆದುಕೊಂಡು ನಾನಿರುವ ಕ್ಯಾಲಿಫೋರ್ನಿಯಾಕ್ಕೆ ಬಂದರು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ.

"ಅಲ್ಲೆ ನೊಣ ಭಾಳ."

ನೊಣಕ್ಕೆ ಹೆದರಿ ಖಂಡ ಬಿಟ್ಟವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅವರು ಬಂದಿಳಿದ ದಿನವೇ ನನ್ನ ಕಾರು ಕೆಟ್ಟಿತ್ತು. ಲಾಸ್ ಏಂಜಲೀಸ್ ಏರ್‌ಪೋರ್ಟಿನಿಂದ ಸೆರಿಟೋಸ್‌ನ ಗೆಳೆಯರ ಮನೆಗೆ ಟ್ಯಾಕ್ಸಿ ಹಿಡಿದೆವು. ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದು ಕೆಲವೇ ತಿಂಗಳಾಗಿ, ನಮ್ಮ ಬಣ್ಣದವರು ಜೋರಾಗಿ ಸೀನಿದರೂ ಜನ ಬೆಚ್ಚುತ್ತಿದ್ದ ದಿನಗಳವು. ಕಾಕಾ ನೇರ ಹೋಗಿ ಟ್ಯಾಕ್ಸಿಯ ಎಡಗಡೆಯ ಮುಂಬಾಗಿಲು ತೆಗೆದರು. ಅಲ್ಲಿ ಡ್ರೈವರ್ ಕೂತಿದ್ದ! ಅವನು ಎರಡೂ ಕೈ ಮೇಲೆತ್ತಿದ. ಆಸ್ಟ್ರೇಲಿಯಾದಲ್ಲಿ ಸ್ಟಿಯರಿಂಗ್ ನಮ್ಮೂರಿನ ಹಾಗೆ ಬಲಕ್ಕಿರುತ್ತದೆ, ಎಡಗಡೆ ಪ್ರಯಾಣಿಕರ ಜಾಗ ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನಾನು ಬೆವತುಹೋದೆ.

"ಕಾಕಾ, ಹಿಂದ ಕೂಡ್ರಿ. ಇಲ್ಲೆ ಎಲ್ಲಾರೂ ಹಿಂದs ಕೂಡತಾರ."

"ಹಿಂದ ಕೂತ್ರ ಅಂವಾ ಆಳು, ನಾ ಸಾಹೇಬ ಅಂದಂಗ ಆಗ್ತದ. ನಮ್ಮ ಆಸ್ಟ್ರೇಲಿಯಾದಾಗ ಹಂಗ ಮಾಡಿದ್ರ ಡ್ರೈವರಗ ಅವಮಾನ. ಪಾಪ, ಅಂವಾ ಒಬ್ಬನs ಮುಂದ ಕೂತು ಏನ್ ಮಾಡ್ಯಾನು?"

ಡ್ರೈವರ್ ತನ್ನ ಊಟದ ಡಬ್ಬಿ ಸರಿಸಿ ಬಲಗಡೆ ಜಾಗ ಮಾಡಿಕೊಟ್ಟ. ಸೆರಿಟೋಸ್ ಮುಟ್ಟುವಷ್ಟರಲ್ಲಿ ಅವನ ಮಗಳಿಗೆ ಗಂಡು ಗೊತ್ತಾಗದ ಕಥೆಯೆಲ್ಲ ಕಾಕಾನಿಗೆ ತಿಳಿದಿತ್ತು. ಒಳಗೆ ಬಂದು ನಮ್ಮ ಜೊತೆ ಚಹಾ ಕುಡಿದೇ ಹೋದ. ಕಾಕಾ ಮಾತ್ರ ಮುಂದಿನ ಆರು ವರ್ಷವೂ ನನ್ನ ಕಾರಿನ ಎಡಬಾಗಿಲ ಬಳಿಯೇ ಬಂದು ನಿಲ್ಲುತ್ತಿದ್ದರು. ನಾನು ಒಳಗಿನಿಂದ ಬಲಕ್ಕೆ ಕೈ ತೋರಿಸುತ್ತಿದ್ದೆ. "ಈ ದೇಶ ಎಂದ ಸುಧಾರಸ್ತದೋ!" ಎನ್ನುತ್ತ ಕಾರನ್ನು ಸುತ್ತಿ ಬರುತ್ತಿದ್ದರು.

ಗುಡ್ಡದ ಮೇಲೆ ಮನೆ ಕೊಂಡಾಗ ಹಿತ್ತಲಲ್ಲಿ ಒಂದು ದೊಡ್ಡ ನೀಲಗಿರಿ ಮರವಿತ್ತು. ಅದು ಆಸ್ಟ್ರೇಲಿಯಾದ ಮರ. ಯಾವ ಕಾಲದಲ್ಲೋ ತಂದು ಕ್ಯಾಲಿಫೋರ್ನಿಯಾ ತುಂಬ ನೆಟ್ಟಿದ್ದಾರೆ. ಕಾಕಾ ಒಂದು ಎಲೆ ಹಿಸುಕಿ ಮೂಸಿ ನೋಡಿದರು.

"ನಾವು ಇಷ್ಟು ದೂರ ಓಡಿ ಬಂದ್ರ, ಇದು ನಮಗಿಂತ ಮೊದಲs ಬಂದು ಕೂತದ ನೋಡು."

ಮರುದಿನದಿಂದ ಶುರುವಾಯಿತು. ಶನಿವಾರ ಬಂತೆಂದರೆ ಏಣಿ ಹಾಕಿ ಮಾಳಿಗೆ ಹತ್ತುವುದು, ಸೂರಿನಂಚಿನ ನೀರಿನ ದೋಣಿಯಿಂದ ಒಣ ಎಲೆಗಳನ್ನು ಬಾಚಿ ತೆಗೆಯುವುದು. ಬೆಂಕಿ ಬೇಗ ಹಿಡಿಯದ ಆ ಉಣ್ಣೆಯ ಕೋಟಿನ ಜೇಬಿನಲ್ಲಿ ಸದಾ ಟೆನಿಸ್ ಚೆಂಡುಗಳು. ಕಾಡ್ಗಿಚ್ಚು ಬಂದರೆ ನೀರು ಇಳಿದುಹೋಗುವ ಕೊಳವೆಯ ಬಾಯಿಗೆ ಚೆಂಡು ತುರುಕಬೇಕು, ದೋಣಿಯಲ್ಲಿ ನೀರು ತುಂಬಿ ನಿಲ್ಲಿಸಬೇಕು. ಹಾರಿಬಂದ ಕಿಡಿ ಅದರಲ್ಲಿ ಬಿದ್ದು ಸಾಯಬೇಕು. ಅಲ್ಲಿಯ ಹಳ್ಳಿಯವರೆಲ್ಲ ಹೀಗೆಯೇ ಮಾಡುತ್ತಾರಂತೆ. ಪಕ್ಕದ ಮನೆಯ ಮರಿಯಾ ಆಂಟಿ, ನಿಮ್ಮವರು ಟೆನಿಸ್ ಆಡುತ್ತಾರಾ ಎಂದು ಕಾಕುವನ್ನು ಕೇಳಿದರು.

ಕಾಕು ಆಕೆಗೆ ಇಂಗ್ಲಿಷಿನಲ್ಲಿ "ಎಸ್" ಎಂದು, ನನ್ನ ಕಡೆ ತಿರುಗಿ, "ಮಾಳಿಗಿ ಮ್ಯಾಲ ಆಡತಾರ, ಒಬ್ಬರs" ಎಂದರು.

ದೀಪಾವಳಿ ಕೂಟದಲ್ಲಿ ಇನ್ನೊಂದು ಪೀಕಲಾಟ. ದೀಪದ ಹತ್ತಿರ ಬಂದವರ ಬಟ್ಟೆಯ ಅಂಚು ಹಿಡಿದು ತಿಕ್ಕಿ ನೋಡುವುದು! "ಪಾಲಿಯೆಸ್ಟರೇನು? ಕರಗಿ ಮೈಗೆ ಅಂಟತದ. ದೂರ ನಿಂದರು."

"ಅಂಕಲ್, ಇದು ಪ್ಯೂರ್ ಮೈಸೂರ್ ಸಿಲ್ಕು ಕಣ್ರೀ!" ಎಂದು ಬೆಂಗಳೂರಿನ ಹೆಂಗಸೊಬ್ಬರು ಸಿಡುಕಿದರು.

"ಹಂಗಾದ್ರ ನೀವs ದೀಪಾ ಹಚ್ಚರಿ, ತಾಯಿ."

ಇಷ್ಟೆಲ್ಲದರ ಹಿಂದೆ ಕಾಕಾನದು ಒಂದೇ ಪಾಠ. ಆಸ್ಟ್ರೇಲಿಯಾದಲ್ಲಿ ಕಲಿತದ್ದು. "ಹೋಗೂದಾದ್ರ ಬೆಂಕಿ ಕಾಣೂಕ್ಕಿಂತ ಮೊದಲs ಹೋಗಬೇಕು. ಇಲ್ಲಾಂದ್ರ ನಿಂತು ಮನಿ ಉಳಿಸಬೇಕು. ಕಡೀಕೆ ಓಡಾವರs ಸಾಯಾವರು." ನಾವು ತಲೆಯಾಡಿಸುತ್ತಿದ್ದೆವು. ಬೆನ್ನ ಹಿಂದೆ ನಗುತ್ತಿದ್ದೆವು.

ಆ ಸೋಮವಾರ ಬೆಳಕು ಹರಿಯುವಾಗ ಅವರ ಫೋನು ಬಂತು. "ಗುಡ್ಡದಾಚೆ ಬೆಂಕಿ ಎದ್ದದಂತ, ಗಾಳಿ ಭಾಳ ಅದ. ಬಂದು ಕರಕೊಂಡು ಹೋಗು." ಇಬ್ಬರನ್ನೂ ಎಂದುಕೊಂಡು ಹೋದೆ. ಕಾಕು ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ಕಾಕಾ ಹೊರಗಿನಿಂದ ಬಾಗಿಲು ಹಾಕಿದರು.

"ನೀವು?"

"ಅಕಿ ಹೊಂಟ್ಲು. ನಾ ನಿಲ್ಲಾಂವ."

ಕಾಕು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಅವರನ್ನು ನಮ್ಮ ಮನೆಗೆ ಬಿಟ್ಟು ನಾನು ಮರಳಿ ಬರುವಷ್ಟರಲ್ಲಿ ಊರಿಗೆ ಊರೇ ಕಾರುಗಳಲ್ಲಿ ಇಳಿದು ಬರುತ್ತಿತ್ತು. ಬೀದಿಯ ಬಾಯಲ್ಲಿ ಪೊಲೀಸಿನವನು ತಡೆದ. ಕರೆದರೂ ಆತ ಇಳಿಯಲಿಲ್ಲ, ಎಳೆದು ತರಲು ನನಗೆ ಅಧಿಕಾರವಿಲ್ಲ ಎಂದ. ಮರಿಯಾ ಆಂಟಿ ಬೆಕ್ಕನ್ನು ಎದೆಗೆ ಅವಚಿಕೊಂಡು ಪಕ್ಕದಲ್ಲಿ ನಿಂತಿದ್ದರು. ನಾನು ಫೋನು ಮಾಡಿದೆ. ಮಾಳಿಗೆಯ ಮೇಲೆ ಕಾಕಾ ಜೇಬಿಗೆ ಕೈ ಹಾಕಿದ್ದು ಕಾಣಿಸಿತು. ಮೊದಲು ಒಂದು ಚೆಂಡು ಉರುಳಿ ಬಿತ್ತು. ಆಮೇಲೆ ಫೋನು ಹೊರಬಂತು.

"ಕಾಕಾ, ಇಳೀರಿ! ಕೈ ಮುಗೀತೀನಿ."

"ಹೊತ್ತು ಮೀರೇದ. ಈಗ ಓಡಿದ್ರ ದಾರ್ಯಾಗ ಸಾಯತೀನಿ. ಫೋನ್ ಇಡು, ಕೈ ಒದ್ದಿ ಆಗ್ಯಾವ."

ಆಮೇಲೆ ಗುಡ್ಡದ ಹಿಂದಿನಿಂದ ಹೊಗೆ ಬಂತು. ಹಿತ್ತಲಿನ ನೀಲಗಿರಿ ಒಂದೇ ಸಲಕ್ಕೆ ತುದಿಯವರೆಗೆ ಹೊತ್ತಿಕೊಂಡಿತು. ಕೋಟು ಕಾಣಿಸುತ್ತಿತ್ತು, ಆಮೇಲೆ ಕಾಣಿಸಲಿಲ್ಲ. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಮರಿಯಾ ಆಂಟಿ ನನ್ನ ತೋಳು ಹಿಡಿದಿದ್ದರು, ಅವರ ಉಗುರಿನ ಗುರುತು ಆಮೇಲೆ ನೋಡಿಕೊಂಡೆ. ಹೊಗೆ ಸರಿದಾಗ ಅವರ ಮನೆ ಇರಲಿಲ್ಲ. ಕಾಕಾನ ಮನೆ ಇತ್ತು.

ಅಗ್ನಿಶಾಮಕದವರು ಹೋದಾಗ ಕಾಕಾ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರಂತೆ. ಬೀದಿಯ ಬಾಯಿಗೆ ಕರೆತಂದರು. ಮುಖ ಕಪ್ಪಾಗಿತ್ತು, ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಆಂಬುಲೆನ್ಸಿನ ಹಿಂದೆ ಮಲಗಿಸಲು ಸ್ಟ್ರೆಚರ್ ಇಳಿಸಿದರೆ, ಈ ಮನುಷ್ಯ ಅದನ್ನು ದಾಟಿ ನಡೆದುಹೋಗಿ ಎಡಗಡೆಯ ಮುಂಬಾಗಿಲ ಹತ್ತಿರ ನಿಂತರು! ತಾನೇ ಓಡಿಸುತ್ತಾನೇನೋ ಎಂದು ಡ್ರೈವರ್ ಗಾಬರಿಯಾದ. ನನಗೆ ಗೊತ್ತಿತ್ತು. ಆರು ವರ್ಷದ ಅಭ್ಯಾಸದಂತೆ ನಾನು ಬಲಕ್ಕೆ ಕೈ ತೋರಿಸಿದೆ. ಕಾಕಾ ಈ ಸಲ ಸುತ್ತಿ ಬರಲಿಲ್ಲ. ಅಲ್ಲೇ ಬಾಗಿಲಿಗೆ ಒರಗಿ ಕುಸಿದರು.

ಆ ವಾರ ಮುಗಿಯುವುದರೊಳಗೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಎಲ್ಲ ಮುಗಿದ ಮೇಲೆ ಕಾಕುವನ್ನು ಗುಡ್ಡದ ಮೇಲಿನ ಆ ಮನೆಗೆ ಕರೆದೊಯ್ದೆ. ದೋಣಿಯಲ್ಲಿ ಇನ್ನೂ ನೀರು ನಿಂತಿತ್ತು, ಬೂದಿ ತೇಲುತ್ತಿತ್ತು. ಒಂದು ಮನೆಗಾಗಿ ಹೀಗೆ ಮಾಡಬಹುದೇ ಎಂದು ನಾನು ಸಿಟ್ಟಿನಿಂದಲೇ ಕೇಳಿದೆ. ಕಾಕು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಹೇಳಿದರು.

"ಅಲ್ಲೂ ಬೆಂಕಿ ಬಂದಿತ್ತು. ನಾವು ಇಬ್ಬರೂ ಮೊದಲs ಹೊಂಟ್ವಿ, ಶಾಣ್ಯಾರಂಗ. ತಿರುಗಿ ಬಂದ್ರ ಮನಿ ಇರಲಿಲ್ಲ. ಬೂದ್ಯಾಗ ಕೂತು ನಾ, 'ಇನ್ನ ನನ್ನ ಯಾವ ಮನೀಗೂ ಕರಕೊಂಡು ಹೋಗಬ್ಯಾಡ್ರಿ' ಅಂದೆ. ಒಂದs ಸಲ ಅಂದಿದ್ದೆ. ನೊಣ ಅಂತ ನಿಮಗೆಲ್ಲಾ ಹೇಳಿದ್ರಲಾ, ಅದು ನನ್ನ ಸಲುವಾಗಿ. ಮಂದಿ ನನ್ನ ಏನೂ ಕೇಳಬಾರದು ಅಂತ."

ಅದಾಗಿ ಒಂದು ವರ್ಷವಾಗುತ್ತ ಬಂತು. ಕಾಕು ಅದೇ ಮನೆಯಲ್ಲಿದ್ದಾರೆ. ನನ್ನ ಕಾರಿನಲ್ಲಿ ಈಗ ಅವರು ಹಿಂದೆ ಕೂರುವುದಿಲ್ಲ. ಮುಂದೆ, ನನ್ನ ಪಕ್ಕದಲ್ಲಿ.

ಕಾಕಾ ಆ ಮಾಳಿಗೆಯ ಮೇಲೆ ನಿಂತದ್ದನ್ನು ಕಾಕು ನೋಡಲಿಲ್ಲ. ನೋಡಿದವರಲ್ಲಿ ನನಗೆ ಗೊತ್ತಿರುವವರು ಇಬ್ಬರು: ನಮ್ಮನ್ನು ತಡೆದ ಆ ಪೊಲೀಸಿನವನು, ಈಗ ಲಾಂಗ್ ಬೀಚಿನಲ್ಲಿ ಮಗಳ ಜೊತೆಗಿರುವ ಮರಿಯಾ ಆಂಟಿ. ಇಬ್ಬರೂ ಇದ್ದಾರೆ, ಬೇಕಾದರೆ ಕೇಳಿ. ನಾನೂ ಇದ್ದೇನೆ.