ಮೊದಲೇ ಒಡೆದಿದ್ದವುಗಳ ಪಟ್ಟಿ

ದೊಡ್ಡ ಮನೆಗಳಲ್ಲಿ ತೂಗುದೀಪ ಕಂಡರೆ ಜನ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಮೊದಲು ನೋಡುವುದು ಅದು ನೇತಾಡುತ್ತಿರುವ ಕೊಂಡಿಯನ್ನು. ಕೊಂಡಿ ಗಟ್ಟಿ ಅನ್ನಿಸಿದರೆ ಅದನ್ನು ಹಿಡಿದಿರುವ ತೊಲೆಯನ್ನು ನೋಡುತ್ತೇನೆ. ತೊಲೆಯೂ ಗಟ್ಟಿಯಾಗಿದ್ದರೆ, ಎಲ್ಲವೂ ಇಷ್ಟು ಸರಿಯಾಗಿ ಕಾಣುವುದರಲ್ಲೇ ಏನೋ ಮೋಸವಿದೆ ಎಂದುಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇನೆ. "ನಿಮ್ಮನ್ನ ಸ್ವರ್ಗಕ್ಕೆ ಕರ್ಕೊಂಡು ಹೋದ್ರೂ ಎಲ್ಲಿ ಸೋರುತ್ತೆ ಅಂತ ಮೇಲೆ ನೋಡ್ತಾ ನಿಲ್ತೀರಿ" ಎನ್ನುತ್ತಾಳೆ ನನ್ನ ಹೆಂಡತಿ. ಇಂಥ ಸ್ವಭಾವಕ್ಕೂ ಸಂಬಳ ಕೊಡುವವರಿದ್ದಾರೆ ಎನ್ನುವುದೇ ನನ್ನ ಸಮಾಧಾನ. ಮೈಸೂರಿನವನಾದ ನಾನು ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಯ ಆಡಳಿತ ವಿಭಾಗದಲ್ಲಿದ್ದೆ. ಪ್ರತಿ ಸೋಮವಾರವೂ ಹೊಸಬರ ಒಂದು ತಂಡ ಬಂದಿಳಿಯುತ್ತಿದ್ದ ಕಾಲ ಅದು. ಅವರೆಲ್ಲ ಪ್ರಪಂಚವನ್ನು ಬದಲಿಸುವ ಪ್ರೋಗ್ರಾಮು ಬರೆಯುತ್ತಿದ್ದರೆ, ಅವರು ಕೂತ ಕುರ್ಚಿಗಳಿಗೆ ಐದೂ ಚಕ್ರಗಳಿವೆಯೇ ಎಂದು ಬಗ್ಗಿ ನೋಡುವುದು ನನ್ನ ಕೆಲಸ.

ಆ ವರ್ಷದ ವಾರ್ಷಿಕೋತ್ಸವ ಹೋಟೆಲಿನಲ್ಲಿ ಬೇಡ, ಹಳೆಯ ಅರಮನೆಯಂಥ ಮನೆಯಲ್ಲಾಗಲಿ ಎಂದು ನಮ್ಮ ಮೇಲಿನವರಿಗೆ ಹೊಳೆಯಿತು. ಬೇಗಂಪೇಟೆಯ ಒಂದು ಗಲ್ಲಿಯ ಕೊನೆಯಲ್ಲಿ ಅಂಥದ್ದೊಂದು ದೇವಡಿಯೂ ಸಿಕ್ಕಿತು. ದೇವಡಿ ಎಂದರೆ ನಿಜಾಮರ ಕಾಲದ ಸರದಾರರು, ದೇಶಮುಖರು ಕಟ್ಟಿಸಿಕೊಂಡ ಹವೇಲಿ. ಒಪ್ಪಂದದಲ್ಲಿ ಒಂದೇ ಕಟ್ಟುನಿಟ್ಟಿನ ಷರತ್ತು: ಮನೆಯನ್ನು ಇದ್ದ ಹಾಗೆಯೇ ಹಿಂತಿರುಗಿಸತಕ್ಕದ್ದು, ಏನೇ ಒಡೆದರೂ ಸಹಿ ಮಾಡಿದವರೇ ಹೊಣೆ. ಸಹಿ ನನ್ನದು. "ಏನಾದ್ರೂ ಆದ್ರೆ ನೀವುಂಟು, ಅವರುಂಟು" ಎಂದು ನಮ್ಮ ಮುಖ್ಯಸ್ಥರು ನಗುತ್ತಲೇ ಹೇಳಿದರು. ನಗುತ್ತ ಹೇಳಿದ್ದರಿಂದಲೇ ನನಗೆ ಎರಡು ದಿನ ಊಟ ಸೇರಲಿಲ್ಲ. 'ಇದ್ದ ಹಾಗೆ' ಎಂದರೆ ಹೇಗೆ? ನೂರು ವರ್ಷ ದಾಟಿದ ಮನೆ. ನಾನೂರು ಜನ ಕುಣಿದು ಹೋದ ಮೇಲೆ ಯಾವ ಬಿರುಕು ಅವರದು, ಯಾವುದು ಅಜ್ಜನ ಕಾಲದ್ದು ಎಂದು ಹೇಳುವವರು ಯಾರು? ಮೂರನೆಯ ದಿನ ಒಂದು ದಪ್ಪ ನೋಟ್‌ಬುಕ್ಕು, ಪೆನ್ಸಿಲ್ಲು, ಟಾರ್ಚು ಹಿಡಿದು ಹೊರಟೆ. ಮೊದಲೇ ಒಡೆದಿದ್ದನ್ನೆಲ್ಲ ಪಟ್ಟಿ ಮಾಡಿಬಿಡುವುದೆಂದು ತೀರ್ಮಾನಿಸಿದ್ದೆ.

ಹೆಬ್ಬಾಗಿಲ ಕಮಾನು ದಾಟಿ, ಮೊದಲನೇ ಗೋಡೆಯ ಗಾರೆಯನ್ನು ಬೆರಳಿನಿಂದ ತಟ್ಟಿ, 'ಟೊಳ್ಳು' ಎಂದು ಗೊಣಗಿಕೊಳ್ಳುತ್ತ ಕಿವಿಗೊಟ್ಟು ನಿಂತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಬಿಲ್ಡರ್ ಕಡಿಯಾಂವ ಏನಪಾ ನೀ? ಗ್ವಾಡಿ ಬಡದು ನೋಡಾಕತ್ತೀಯಲ್ಲ!"

ಮನೆಯ ಒಡತಿ ಕಾಶೀಬಾಯಿ. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕೋಲು. ಬೀದರ್ ಕಡೆಯ ದೇಶಮುಖರ ಮನೆತನ. ನಾನು ಬಿಲ್ಡರ್ ಅಲ್ಲ, ಪಾರ್ಟಿಯ ಕಡೆಯವನು ಎಂದು ಗಾಬರಿಯಿಂದ ಕನ್ನಡದಲ್ಲೇ ಹೇಳಿದೆ.

"ಎಲ್ಲೆಲ್ಲಿ ಬಿರುಕಿದೆ ಅಂತ ಬರ್ಕೊಳ್ತಾ ಇದ್ದೀನಿ ಬಾಯಾರೇ. ನಾಳೆ ತಕರಾರು ಬರಬಾರ್ದು ನೋಡಿ."

"ಹಿಂಗೇನ್ರಿ! ಬರಕೋರಿ, ಬರಕೋರಿ. ಬುಕ್ಕು ಒಂದ ತಂದೀರಿ? ಸಾಲಾಂಗಿಲ್ಲ."

ಬಾಯಿಯವರೇ ಮುಂದೆ ನಡೆದರು. ನಾನು ಬಿರುಕು ತೋರಿಸಿದರೆ ಅವರು ಅದರ ಕಥೆ ಹೇಳುತ್ತಿದ್ದರು. ಮುಂಭಾಗದಲ್ಲಿ ಸಾಹೇಬರ ಬಂಗಲೆಯಲ್ಲಿರುವಂಥ ನಾಲ್ಕು ಭಾರೀ ಕಂಬ. ಎರಡನೆಯದರ ಬುಡದಲ್ಲಿ ಆಳೆತ್ತರದ ಸೀಳು. "ನಮ್ಮ ಅಜ್ಜೀ ಲಗ್ನದಾಗ ಆನಿ ಬೆನ್ನ ತಿಕ್ಕಿತ್ತರಿ. ಅದಕೇನ್ ಗೊತ್ತು, ಗಿಡ ಅಂತ ತಿಳದಿತ್ತು" ಎಂದರು. ಆನೆಯದ್ದೇನೂ ತಪ್ಪಿರಲಿಲ್ಲ. ಕಂಬದ ತಲೆಯ ಮೇಲೆ ಎಲೆ ಕೆತ್ತು ಎಂದು ಮುತ್ತಜ್ಜ ಹೇಳಿದ್ದರಂತೆ. ವಿಲಾಯತಿ ಎಲೆಯನ್ನು ಕಂಡರಿಯದ ಬೀದರಿನ ಗೌಂಡಿ ಮಾವಿನ ಎಲೆ ಮಾಡಿ, ನಡುವೆ ಗಾರೆಯ ಗಿಳಿಗಳನ್ನು ಕೂರಿಸಿದ್ದ. ಮುಂದೆ ಇಪ್ಪತ್ತು ಕುರ್ಚಿಗಳ ಊಟದ ಹಾಲು. ಅದರ ಹಿಂದೆ ತೇಗದ ಕಂಬಗಳ ತೊಟ್ಟಿ, ತುಳಸಿಕಟ್ಟೆ, ಹೊಗೆ ಹಿಡಿದ ಅಡುಗೆಮನೆ. ಮುಂದಿನ ಮನೆ ಹೈದರಾಬಾದಿನದು, ಹಿಂದಿನದು ಬೀದರಿನದು. "ಸಾಹೇಬ್ರು ಕಾಂಟೆ ಚಮಚೆ ಹಿಡದು ಉಂಡು ಹೋಗೂ ತನಕಾ ಅಜ್ಜಾರು ಬರೇ ಗಾಳಿ ತಿಂತಿದ್ರು. ಅವರು ಹೋದ್ರು ಅಂದ್ರ ಕೋಟು ಕಳದು, ಧೋತರಾ ಉಟ್ಟು, ಇಲ್ಲಿ ಮಣಿ ಮ್ಯಾಲ ಕುಂತು ನಾಕ್ ರೊಟ್ಟಿ ಹೊಡೀತಿದ್ರು!"

ನಡುನಡುವೆ, ಪಕ್ಕದ ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನ ತಲೆಯ ಮೇಲೆ ಹಾದಾಗಲೆಲ್ಲ ಮಾತು ನಿಲ್ಲಿಸುತ್ತಿದ್ದರು. ಮನೆಯ ಕಿಟಕಿಗಳೆಲ್ಲ ಗಲಗಲ ಎಂದು ಸುಮ್ಮನಾದ ಮೇಲೆ, ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು.

ಬಾಲ ಮುರಿದ ಒಂದು ಗಿಳಿಯ ಬಗ್ಗೆ ಕೇಳಿದಾಗ ಮಾತ್ರ ಬಾಯಿಯವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅದು ನಾನರಿ. ಏಳು ವರ್ಷದಾಕಿ ಇದ್ದೆ, ಕಲ್ಲು ಒಗದೆ. ಮಂಗ್ಯಾಗೋಳು ಮುರದಾವು ಅಂತ ಅಪ್ಪಾಗ ಹೇಳಿದೆ. ಇವತ್ತಿನ ತನಕಾ ಯಾರಿಗೂ ಗೊತ್ತಿಲ್ಲ. ಬರೀರಿ" ಎಂದರು. ನಾನು ಬರೆದುಕೊಂಡೆ. ನನ್ನನ್ನು ಕಾಪಾಡಿಕೊಳ್ಳಲೆಂದು ಶುರು ಮಾಡಿದ ಪಟ್ಟಿ ಸಂಜೆಯ ಹೊತ್ತಿಗೆ ನೂರ ನಲವತ್ಮೂರು ಬಾಬ್ತು ಮುಟ್ಟಿತ್ತು. ಅಷ್ಟು ಹೊತ್ತಿಗೆ ಯಾವ ಬಿರುಕನ್ನು ಕಂಡರೂ ನನಗೆ ಭಯದ ಬದಲು ಕುತೂಹಲವಾಗತೊಡಗಿತ್ತು. "ಈ ಮನಿ ನೋಡಾಕ ಭಾಳ ಮಂದಿ ಬರ್ತಾರ್ರಿ. ಇಷ್ಟು ಸನೇಕ ಬಂದು ನೋಡಿದವ್ರು ನೀವ ಮೊದಲಿಗರು" ಎಂದು ಬಾಯಿಯವರು ಚಹಾ ತರಿಸಿದರು. ಲೋಟದಲ್ಲೂ ಸಣ್ಣ ಬಿರುಕಿತ್ತು. ನಾನು ಪೆನ್ಸಿಲ್ ಎತ್ತಿದ್ದನ್ನು ಕಂಡು ಅವರು ನಕ್ಕದ್ದು ಗೇಟಿನವರೆಗೂ ಕೇಳಿರಬೇಕು.

ಉತ್ಸವವೂ ನಡೆಯಿತು. ಎಲ್ಲರೂ ಕುಣಿದರು, ನಾನು ಕಂಬಗಳನ್ನು ಕಾದೆ. ಬಿರಿಯಾನಿ ಯಾವ ರುಚಿಯಿತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಬಾಯಿಯವರೂ ನಾನೂ ಪಟ್ಟಿ ಹಿಡಿದು ಒಂದೊಂದನ್ನೇ ತಾಳೆ ನೋಡಿದೆವು. ಆಶ್ಚರ್ಯ! ನೂರ ನಲವತ್ಮೂರಕ್ಕೆ ಒಂದೂ ಹೆಚ್ಚಾಗಿರಲಿಲ್ಲ. ಕೊನೆಯದಾಗಿ ಮಹಡಿಯ ಬಣ್ಣದ ಗಾಜಿನ ಕಿಟಕಿಗಳು. ಅವುಗಳಿಗೂ ಏನೂ ಆಗಿರಲಿಲ್ಲ. ಬಾಯಿಯವರು 'ಇದ್ದ ಹಾಗೆಯೇ ಮರಳಿ ಬಂತು' ಎಂದು ಸಹಿ ಹಾಕಲು ಪೆನ್ನು ತೆಗೆದರು. ಮನುಷ್ಯನಾದವನು ಆಗ ಕೈಕಟ್ಟಿ ನಿಲ್ಲಬೇಕು. ನಾನು, ಇದೊಂದು ಸ್ವಲ್ಪ ಸಡಿಲವಾಗಿದೆಯೇನೋ ನೋಡೋಣ ಎಂದು ಒಂದು ನೀಲಿ ಗಾಜನ್ನು ಹೆಬ್ಬೆರಳಿನಿಂದ ಒತ್ತಿದೆ.

ಅದು ಸಡಿಲವಾಗಿತ್ತು. ಕೆಳಗೆ ಅಂಗಳದ ಹಾಸುಗಲ್ಲಿನ ಮೇಲೆ ಬಿದ್ದ ಸದ್ದಿನಿಂದ ಅದು ಖಚಿತವಾಯಿತು.

ಕೆಲಸ, ಮುಖ್ಯಸ್ಥರ ನಗು, ಮೈಸೂರಿಗೆ ಹೋಗುವ ರೈಲಿನ ವೇಳೆ ಎಲ್ಲವೂ ಒಟ್ಟಿಗೇ ನೆನಪಾದವು. ಬಾಯಿಯವರು ಕಿಟಕಿಯ ನೀಲಿ ಹೋದ ಜಾಗದಲ್ಲಿ ಕಣ್ಣಿಟ್ಟು ಹೊರಗೆ ನೋಡಿದರು. "ಇಲ್ಲಿಂದ ರಸ್ತೆ ಕಾಣ್ತದಂತ ನನಗ ಗೊತ್ತಿರಲಿಲ್ಲ ನೋಡ್ರಿ" ಎಂದು, ಕಾಗದಕ್ಕೆ ಸಹಿ ಹಾಕಿ ನನ್ನ ಕೈಗಿಟ್ಟರು.

"ಬಾಯಾರೇ, ಆದ್ರೆ ಗಾಜು…"

"ಕಂಪನಿ ಒಡದಿಲ್ಲ, ನೀವು ಒಡದೀರಿ. ಅದು ನಮ್ಮ ನಿಮ್ಮ ನಡುವಿನ ಮಾತು. ಪಟ್ಟಿ ತಗೀರಿ. ನೂರ ನಲವತ್ನಾಕು. ಹೆಸರು ಪೂರ್ತಿ ಬರೀರಿ, ಊರೂ ಬರೀರಿ."

ಹೊಸ ಗಾಜು ಹಾಕಿಸುತ್ತೇನೆಂದು ಎಷ್ಟು ಹೇಳಿದರೂ ಕೇಳಲಿಲ್ಲ; ನೋಟ್‌ಬುಕ್ಕನ್ನೂ ತಾವೇ ಇಟ್ಟುಕೊಂಡರು. ಆ ಜಾಗಕ್ಕೆ ನಮ್ಮದೇ ಕಂಪನಿಯ ಕಂಪ್ಯೂಟರ್ ಡಬ್ಬಿಯ ರಟ್ಟು ಅಂಟಿಸಿದ್ದಾರೆ. ಮನೆ ನೋಡಲು ಬಂದವರಿಗೆ ಈಗ ಆ ಪಟ್ಟಿ ಓದಿಯೇ ಮನೆಯ ಚರಿತ್ರೆ ಹೇಳುತ್ತಾರಂತೆ, ಕೊನೆಗೆ ನನ್ನ ಹೆಸರಿನವರೆಗೂ. ನಮ್ಮ ವಂಶದಲ್ಲಿ ಯಾರೂ ಎರಡು ಕೋಣೆಗಿಂತ ದೊಡ್ಡ ಮನೆ ಕಟ್ಟಿದವರಲ್ಲ. ಅರಮನೆಯೊಂದರ ಇತಿಹಾಸ ಸೇರಿದವನು ನಾನೊಬ್ಬನೇ. ಹಾಗೆಂದು ನೆಮ್ಮದಿಯಾಗಿದ್ದೇನೆ ಎಂದುಕೊಳ್ಳಬೇಡಿ. ಹಳೆಯ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡುವವರು ಮೊನ್ನೆ ಆ ಮನೆಗೆ ಬಂದು ಅಳತೆ ತೆಗೆದುಕೊಂಡು ಹೋದರಂತೆ. ಯಾರಾದರೂ ಪುಣ್ಯಾತ್ಮರು ಆ ಗಾಜನ್ನು ಸರಿಮಾಡಿಬಿಟ್ಟರೆ ಏನು ಗತಿ ಎಂದು ಮತ್ತೆ ಊಟ ಸೇರುತ್ತಿಲ್ಲ.