ತಿಪ್ಪವ್ವ ಹಾಜರು, ಸುನಂದಾ ಗೈರುಹಾಜರು

ಹೆಂಗಸರಿಗೆ ಅಕ್ಷರ ಕಲಿಸುವುದಕ್ಕಿಂತ ಅವರ ಹೆಸರು ಕೇಳಿ ತಿಳಿಯುವುದೇ ಕಷ್ಟ ಎಂಬುದು, ಈ ಉದ್ಯೋಗಕ್ಕೆ ಬಿದ್ದ ಮೇಲೆ ನನಗಾದ ಜ್ಞಾನೋದಯ. ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ತುರೋರಿ ಎಂಬ ಹಳ್ಳಿಯ ಹೆಂಗಸರಿಗೆ ಓದುಬರಹ ಕಲಿಸಲು ಒಂದು ಸೇವಾಸಂಸ್ಥೆ ನನ್ನನ್ನು ನೇಮಿಸಿಕೊಂಡಿದೆ. ಮನೆಯಲ್ಲಿ ಕನ್ನಡ ಮಾತಾಡುವವರಿಗೆ ಮರಾಠಿ ಅಕ್ಷರ ಕಲಿಸುತ್ತೇನೆ. ಇಲ್ಲಿ ಕಾಗದಪತ್ರವೆಲ್ಲ ಮರಾಠಿಯಲ್ಲೇ ನಡೆಯುವುದು. ಮರಾಠಿಯಲ್ಲಿ ಪಾಠ ಹೇಳುವ ಹೆಂಗಸಿಗೆ ‘ಬಾಯಿ’ ಎನ್ನುತ್ತಾರೆ. “ಆ ಪದವಿ ನಿನಗ ನಮ್ಮ ಮನಿಗಿ ಬಂದ ದಿನಾನೇ ಸಿಕ್ಕದ” ಎಂದು ಉಮರ್ಗಾದಲ್ಲಿ ಕಾಳಿನ ವ್ಯಾಪಾರ ಮಾಡುವ ನನ್ನ ಯಜಮಾನರು ಎಲ್ಲರೆದುರೂ ಹೇಳುತ್ತಾರೆ. ಹೇಳಲಿ, ಮನೆಯಲ್ಲಿ ಅವರಿಗೆ ಮಾತಾಡಲು ಸಿಗುವ ಸಂದರ್ಭವೇ ಅಪರೂಪ.

ಮೊದಲ ಪಾಠವೇ ‘ನಿಮ್ಮ ಪೂರ್ಣ ಹೆಸರು’. ಸುಲಭವೆಂದು ಮೇಲಿನವರು ಅದನ್ನು ಮೊದಲಿಟ್ಟಿದ್ದಾರೆ. ಈ ಕಡೆ ಪೂರ್ಣ ಹೆಸರೆಂದರೆ ನಡುವೆ ಗಂಡನ ಹೆಸರು ಬರಬೇಕು. ಗಂಡನ ಹೆಸರನ್ನೋ ಬಾಯಿಬಿಟ್ಟು ಹೇಳಬಾರದು. ಒಬ್ಬಳು ಅದನ್ನು ಪದ್ಯದಲ್ಲಿ ಅಡಗಿಸಿ ಒಡಪು ಹಾಕುತ್ತಾಳೆ, ಇನ್ನೊಬ್ಬಳು ಆಕಾಶ ತೋರಿಸಿ ನಗುತ್ತಾಳೆ. ಸೂರ್ಯಕಾಂತನೋ ಚಂದ್ರಕಾಂತನೋ ನಾನೇ ಹೊಂದಿಸಿಕೊಳ್ಳಬೇಕು. ಹೀಗೆ ಹೊಂದಿಸಲು ಹೋಗಿ ಒಬ್ಬಳಿಗೆ ಅವಳ ಮೈದುನನ ಹೆಸರು ಬರೆಸಿಬಿಟ್ಟೆ. ಇಡೀ ಓಣಿ ನಕ್ಕಿತು.

ಸುನಂದಾ ಆಯಿಯ ತಕರಾರೇ ಬೇರೆ. ವಯಸ್ಸಾದ ಹೆಂಗಸು, ಓಣಿಗೆಲ್ಲ ಆಯಿ, ಅಂದರೆ ಅಜ್ಜಿ. ನಾನು ಪಾಟಿಯ ಮೇಲೆ ‘ಸುನಂದಾ’ ಎಂದು ಬರೆದು ಓದಿ ತೋರಿಸಿದರೆ ಸೆರಗಿನಿಂದ ಒರೆಸಿಯೇಬಿಟ್ಟಳು.

“ಇದು ಮದಿವ್ಯಾಗ ತಾಟಿನ್ಯಾಗ ಅಕ್ಕಿ ಹರವಿ, ಉಂಗುರಲೇ ಬರದ ಹೆಸರ್ರೀ ಬಾಯಿ. ನನ್ನ ಹೆಸರು ತಿಪ್ಪವ್ವ. ಅದು ಕಲಸ್ರಿ.”

ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ಇಲ್ಲಿನ ಪದ್ಧತಿ. ಆದರೂ, “ಆಯಿ, ತಿಪ್ಪಿ ಅಂದ್ರ ಕಸ ಅಲ್ಲೇನ್ರೀ? ಸುನಂದಾ ಎಷ್ಟ್ ಚಂದ ಅದ!” ಎಂದೆ. ಮಹಿಳಾ ಸಬಲೀಕರಣದ ತರಬೇತಿ ಮುಗಿಸಿಕೊಂಡು ಬಂದವಳು ನಾನು!

“ನನಗಿಂತ ಮೊದಲ ಹುಟ್ಟಿದ್ವು ಒಂದೂ ಉಳೀಲಿಲ್ಲ. ಕಸ ಅಂತ ಕರದ್ರ ಸಾವು ಸುದ್ದಾ ಮುಟ್ಟಂಗಿಲ್ಲ ಅಂತ ನಮ್ಮವ್ವ ನನಗ ತಿಪ್ಪ್ಯಾಗ ಹೊಳ್ಳಾಡಿಸಿ ಆ ಹೆಸರಿಟ್ಟಾಳ. ಅದರಿಂದೇ ಉಳದೀನಿ. ತವರೂರು ಜಳಕೋಟದಾಗ ನನ್ನ ತಮ್ಮ ಒಬ್ಬಂವಾ ‘ತಿಪ್ಪಕ್ಕಾ’ ಅಂತಿದ್ದ. ಮೊನ್ನಿ ಅಂವಾನೂ ಹೋದ. ಇನ್ನ ಕರಿಯಾವ್ರ ಯಾರೂ ಇಲ್ಲ. ಬರೀಲಿಕ್ಕ ಬಂದ್ರ, ನಾನೇ ಓದಿ ಕರಕೋತೀನಿ.”

ನನ್ನ ಕಣ್ಣು ತುಂಬಿ ಬಂತು. ಅಂದಿನಿಂದ ತಿಪ್ಪವ್ವನನ್ನೇ ಕಲಿಸಿದೆ. ಆ ಹಾಳು ಹೆಸರಿನಲ್ಲಿ ಒತ್ತಕ್ಷರದ ಮೇಲೆ ಒತ್ತಕ್ಷರ. ಆಯಿಯ ಕೈಯೋ ನಡುಗುವ ಕೈ. ಮೊರದಲ್ಲಿ ತೊಗರಿಬೇಳೆ ಹಸನು ಮಾಡಲು ಕೊಟ್ಟರೆ ಅದರಲ್ಲೂ ಬೆರಳಾಡಿಸಿ ಅಕ್ಷರ ತಿದ್ದುತ್ತಾಳೆಂದು ಸೊಸೆ ನನ್ನ ಮೇಲೆಯೇ ರೇಗಿದಳು.

ಪರೀಕ್ಷೆಗೆ ಸಂಸ್ಥೆಯ ಸಾಹೇಬರು ಬಂದರು. ಆಯಿ ಹಾಳೆಯ ತುಂಬ ತಿಪ್ಪವ್ವ, ತಿಪ್ಪವ್ವ ಎಂದು ಬರೆದುಕೊಟ್ಟಳು. “ಹೀ ತಿಪ್ಪವ್ವಾ ಕೋಣ?” ಯಾರು ಈಕೆ ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ನಾನು ವಿವರಿಸಿದೆ, ಬೇಡಿಕೊಂಡೆ. ಅವರೇನೂ ಕೆಟ್ಟವರಲ್ಲ. ಆಧಾರ್ ಕಾರ್ಡಿನಲ್ಲಿ ಇಲ್ಲದವಳನ್ನು ಪಾಸು ಮಾಡುವುದು ಹೇಗೆಂದು ತಲೆ ಕೆರೆದುಕೊಂಡು, ಕೊನೆಗೆ ಸುನಂದಾ ಗೈರುಹಾಜರು ಎಂದು ಗುರುತು ಹಾಕಿದರು. ಆಯಿ ಅವರ ಎದುರಿಗೇ ಕೂತಿದ್ದಳು.

ಅವರು ಹೋದ ಮೇಲೆ ವಿಷಯ ತಿಳಿಸುತ್ತ ನಾನೇ ಅತ್ತುಬಿಟ್ಟೆ. ಆಯಿ ನಕ್ಕಳು.

“ಅಳ್ತೀರ್ಯಾಕ? ಖರೇನೇ ಬರದಾರ. ಸುನಂದಾ ಎಲ್ಲಿ ಬಂದಿದ್ಳು? ಅದಿರ್ಲಿ, ನಿಮ್ಮ ತವರಮನಿ ಹೆಸರೇನ್ರೀ?”

“ನೀಲಮ್ಮ,” ಎಂದೆ. ಭಾಲ್ಕಿಯಿಂದ ಬಂದ ನೀಲಮ್ಮ ಉಮರ್ಗಾದ ಅಕ್ಕಿಯಲ್ಲಿ ಸ್ನೇಹಲ್ ಆಗಿದ್ದಳು. ಹೇಳುವಾಗ ನೆರೆಮನೆಯವಳ ಹೆಸರು ಹೇಳಿದಂತಾಯಿತು.

“ಬರೀರಿ, ನೋಡಮು” ಎಂದು ಆಯಿ ಪಾಟಿ ಮುಂದಿಟ್ಟಳು. ಬಳಪ ಹಿಡಿದೆ. ಕೈ ತನ್ನಷ್ಟಕ್ಕೆ ‘ಸ್ನೇಹಲ್’ ಎಂದು ಬರೆದು ಮುಗಿಸಿತ್ತು. ಆಯಿ ಅಕ್ಷರ ಕೂಡಿಸಿ ಕೂಡಿಸಿ ಓದಿ, ಸೆರಗಿನಿಂದ ಒರೆಸಿ, ಪಾಟಿಯನ್ನು ಮತ್ತೆ ನನ್ನ ಮುಂದೆ ಸರಿಸಿದಳು. ಈ ಸಲವೂ ‘ಸ್ನೇ’ ಎಂದೇ ಸುರುವಾಯಿತು.

ಬಳಪ ಹಿಡಿದ ನನ್ನ ಕೈಯನ್ನು ಆಯಿ ತನ್ನ ನಡುಗುವ ಕೈಯಿಂದ ಹಿಡಿದುಕೊಂಡಳು.

“ಗಾಬರಿ ಆಗಬ್ಯಾಡ್ರಿ ಬಾಯಿ. ದಿನಾ ತಿದ್ರಿ, ಬರ್ತದ.”