ಮುನ್ನೂರು ಗಜಕ್ಕೆ ನಾನು ಆರಿಸಿದ ಬೋರು

‘ಗೊತ್ತಿಲ್ಲ’ ಎಂಬ ಮೂರಕ್ಷರ ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ನಾನೇ ನೋಡದ ಊರಿಗೆ ಜನರಿಗೆ ದಾರಿ ತೋರಿಸಿದ್ದೇನೆ. ಹಲ್ಲುನೋವಿಗೆ ಮದ್ದು ಹೇಳಿ ನಮ್ಮ ಮಾವನವರ ಕೆನ್ನೆಯನ್ನು ಕುಂಬಳಕಾಯಿಯಷ್ಟು ಊದಿಸಿದ್ದೇನೆ. ಅವೆಲ್ಲ ಹೇಗೋ ಮರೆತುಹೋದವು. ಹಳೇಕೋಟೆಯ ಪುಟ್ಟೇಗೌಡರ ಬಂದೂಕು ಮಾತ್ರ ಇಂದಿಗೂ ನೆನಪಾದಾಗ ಕಿವಿ ಬಿಸಿಯಾಗುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ನಾನು ಗುಮಾಸ್ತ. ಬಂದೂಕಿನ ಲೈಸೆನ್ಸಿಗೆ ಬಂದ ಅರ್ಜಿಗಳನ್ನು ತುಂಬಿ ಹಾಸನಕ್ಕೆ ಕಳಿಸುವುದು ನನ್ನ ಪಾಲಿನ ಕೆಲಸ. ಅರ್ಜಿಯಲ್ಲಿ ‘ಬೋರ್’ ಎಂದೊಂದು ಅಂಕಣ, ಅಂದರೆ ನಳಿಗೆಯ ಬಾಯಿ ಎಷ್ಟು ಅಗಲ ಎಂಬ ಲೆಕ್ಕ. ಹತ್ತು ವರ್ಷ ಆ ಅಂಕಣವನ್ನು ದುಂಡಗಿನ ಅಕ್ಷರದಲ್ಲಿ ತುಂಬಿದವನಿಗೆ ಬಂದೂಕಿನ ವಿಷಯ ತಿಳಿಯದೆ ಇದ್ದೀತೇ ಎಂದು ಜನ ನಂಬಿದ್ದರು. ಬರಬರುತ್ತಾ ನಾನೂ ನಂಬಿದೆ. ನಿಜ ಹೇಳಬೇಕೆಂದರೆ ದೀಪಾವಳಿಯಲ್ಲಿ ಪಟಾಕಿಯ ಬತ್ತಿಗೆ ನಮ್ಮ ಮನೆಯಲ್ಲಿ ಬೆಂಕಿ ಮುಟ್ಟಿಸುತ್ತಿದ್ದವಳು ನನ್ನ ಹೆಂಡತಿ.

ಪುಟ್ಟೇಗೌಡರು ಹಳೆಯ ನಾಡಕೋವಿಯಲ್ಲೇ ತೆಂಗಿನ ಗೊನೆಯ ತೊಟ್ಟಿಗೆ ಗುರಿಯಿಟ್ಟು ಎಳನೀರು ಇಳಿಸುತ್ತಿದ್ದವರು. ಹಾಸನದಲ್ಲಿ ಮುನ್ನೂರು ಗಜ ದೂರದ ಗುರಿಗೆ ಹೊಡೆಯುವ ಪಂದ್ಯ ನಡೆಯುತ್ತದೆಂದು ಕೇಳಿ, ರೈಫಲ್ ಕೊಳ್ಳಲು ಮನಸ್ಸು ಮಾಡಿ ನನ್ನ ಮೇಜಿನ ಮುಂದೆ ಬಂದು ನಿಂತರು.

“ಅಂಗಡಿಯೋರು ಎರಡು ತೋರ್ಸವ್ರೆ ಸಾ. ಒಂದು ಪಾಯಿಂಟ್ ಟೂ ಟೂ, ಇನ್ನೊಂದು ತ್ರೀ ಒನ್ ಫೈವ್. ದೂರುಕ್ಕೆ ಯಾವ್ದು ಸರೋಗ್ತದೆ?”

ನಾನು ಕನ್ನಡಕ ತೆಗೆದು ಒರೆಸಿದೆ. “ನೋಡಿ ಗೌಡ್ರೆ, ದಪ್ಪ ಗುಂಡು ಭಾರ. ಭಾರವಾದದ್ದು ಬೇಗ ನೆಲಕ್ಕೆ ಬೀಳುತ್ತೆ. ಸಣ್ಣದು ಸೂಜಿಯ ಹಾಗೆ ಗಾಳಿಯನ್ನು ಸೀಳಿಕೊಂಡು ಹೋಗುತ್ತೆ. ಟೂ ಟೂ ತಗೊಳ್ಳಿ.”

“ಅಷ್ಟು ಸಣ್ಣ ತೋಟಾ ಅಷ್ಟು ದೂರ ಓಗ್ತದಾ ಸಾ?”

“ಓದಿದವರ ಮಾತಿನ ಮೇಲೆ ನಂಬಿಕೆ ಇರಬೇಕು,” ಎಂದೆ. ಗೌಡರು ಟೂ ಟೂ ರೈಫಲನ್ನೇ ಕೊಂಡರು.

ಪಂದ್ಯದ ಬೆಳಿಗ್ಗೆ ಹಳೇಕೋಟೆಯಿಂದ ಒಂದು ಬಸ್ಸಿನ ಜನ ಹೊರಟಿತು. ಬಾಳೆಲೆಯಲ್ಲಿ ಸುತ್ತಿದ ಸೇವಂತಿಗೆ ಹಾರವೊಂದೂ ಹೊರಟಿತು. ನಾನು ರಜಾ ಹಾಕಿ, ಇಸ್ತ್ರಿ ಮಾಡಿದ ಕೋಟು ತೊಟ್ಟು, ಗುರುವಿನ ಗತ್ತಿನಲ್ಲಿ ಗೌಡರ ಪಕ್ಕ ಕುಳಿತೆ.

ಗೌಡರ ಮೊದಲ ಗುಂಡು ಹಾರಿತು. ಗುರಿಗಿಂತ ಬಹಳ ಈಚೆ, ನೆಲದಿಂದ ಚಿಟಿಕೆಯಷ್ಟು ಧೂಳೆದ್ದಿತು. ಗೌಡರು ನಳಿಗೆಯನ್ನು ಕೊಂಚ ಎತ್ತಿದರು. ಎರಡನೆಯದನ್ನು ಗಾಳಿ ಎತ್ತಲೋ ಒಯ್ದಿತು. ಐದು ಗುಂಡು ಮುಗಿದವು, ಹಲಗೆಯಲ್ಲಿ ಒಂದು ತೂತೂ ಇಲ್ಲ. ಪಕ್ಕದಲ್ಲಿ ಅರಕಲಗೂಡಿನವರೊಬ್ಬರು ತ್ರೀ ಒನ್ ಫೈವ್‌ನಲ್ಲಿ ಐದಕ್ಕೆ ನಾಲ್ಕು ಹೊಡೆದು ಮೀಸೆ ಒರೆಸಿಕೊಂಡರು. ಹಾರ ತಂದವರು ಅದನ್ನು ಬೆನ್ನ ಹಿಂದೆ ಅಡಗಿಸಿದರು.

ಪಂದ್ಯ ನಡೆಸುತ್ತಿದ್ದ ನಿವೃತ್ತ ಸುಬೇದಾರರು ಗೌಡರ ರೈಫಲನ್ನು ಕೈಗೆತ್ತಿಕೊಂಡು ನೋಡಿದರು. “ನಿಮ್ಮ ಕೈ ಚೆನ್ನಾಗಿದೆ ಗೌಡ್ರೆ, ಉಸಿರು ಹಿಡಿಯೋದು ಇನ್ನೂ ಚೆನ್ನಾಗಿದೆ. ಆದರೆ ಇದು ಐವತ್ತು, ನೂರು ಗಜದ ಸಾಮಾನು. ಸಣ್ಣ ಗುಂಡು, ಅರ್ಧ ದಾರೀಲೇ ಸೋತುಬಿಡುತ್ತೆ. ಯಾರು ಹೇಳಿದ್ರು ಇದನ್ನ ತಗೊಳ್ಳಿ ಅಂತ?”

ನನ್ನ ಕೋಟಿನೊಳಗೆ ಬೆವರು ಹರಿಯಿತು. ಗೌಡರು ನನ್ನತ್ತ ಒಂದು ಸಲ ನೋಡಿದರು.

“ನಾನೇ ಅಟ ಮಾಡಿ ತಗಂಡೆ ಸಾ. ನಮ್ಮ ಗುಮಾಸ್ತರು ದೊಡ್ದು ತಗೊಳ್ಳಿ ಅಂತ ಬಡ್ಕಂಡ್ರು. ನಾನು ಕೇಳ್ನಿಲ್ಲ.”

ಸುಬೇದಾರರು ನನ್ನ ಕಡೆ ತಿರುಗಿ, “ತಿಳಿದವರ ಮಾತು ಕೇಳಬೇಕಿತ್ತು,” ಎಂದರು. ಆಗ ನಾನು ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಹೌದೆಂದು ತಲೆಯಾಡಿಸಿದೆ. ಸುಮ್ಮನೆ ಆಡಿಸಲಿಲ್ಲ, ಸ್ವಲ್ಪ ಬೇಸರ ನಟಿಸಿ ಆಡಿಸಿದೆ.

ಹಿಂತಿರುಗುವಾಗಲೂ ಬಸ್ಸಿನಲ್ಲಿ ಗೌಡರ ಪಕ್ಕವೇ ಕುಳಿತೆ. ಅರ್ಧ ದಾರಿಯಲ್ಲಿ ನಾನೇ ತಡವರಿಸುತ್ತಾ, “ಗೌಡ್ರೆ, ನನ್ನಿಂದ ತಪ್ಪಾಯಿತು,” ಎಂದೆ.

“ಬುಡಿ ಸಾ. ಅಷ್ಟು ಜನದ ಮುಂದೆ ನಿಮ್ಮ ಮುಖ ನೋಡಕ್ಕಾಗ್ನಿಲ್ಲ. ಒಂದು ಕೇಳ್ತೀನಿ, ನಿಜ ಯೋಳಿ. ಯಾವತ್ತಾದ್ರೂ ಕೋವಿ ಇಡ್ದಿದ್ದೀರಾ?”

“ಇಲ್ಲ.”

ಗೌಡರು ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕರು. ಬೈದಿದ್ದರೆ ಅಂದೇ ಮುಗಿಯುತ್ತಿತ್ತು. ಆ ನಗು ಇನ್ನೂ ಮುಗಿದಿಲ್ಲ.

ಕೆಟ್ಟದ್ದೆಂದರೆ ಇದರಿಂದ ನನ್ನ ಹೆಸರು ಇನ್ನಷ್ಟು ಬೆಳೆಯಿತು. ಗುಮಾಸ್ತರ ಮಾತು ಮೀರಿ ಗೌಡರು ಸೋತರು ಎಂಬ ಸುದ್ದಿ ತಾಲ್ಲೂಕಿನ ಗಡಿ ದಾಟಿತು. ತಿಂಗಳೊಳಗೆ ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ಮಂಡಿಯ ಸಾಹುಕಾರರೊಬ್ಬರು ಬಸ್ಸು ಹತ್ತಿ ಬಂದು, ಯಾವ ಬೋರು ಕೊಳ್ಳಲಿ ಎಂದು ಕೈಮುಗಿದು ಕೇಳಿದರು. ಗೊತ್ತಿಲ್ಲ ಎನ್ನಬೇಕೆಂದೇ ಬಾಯಿ ತೆರೆದೆ.

“ತ್ರೀ ಒನ್ ಫೈವ್. ಕಣ್ಣು ಮುಚ್ಚಿಕೊಂಡು ತಗೊಳ್ಳಿ,” ಎಂಬುದು ಹೊರಬಂತು.

ಅವರು ಸಂತೋಷದಿಂದ ಬಾಗಿಲವರೆಗೆ ಹೋಗಿ, ತಿರುಗಿ ನಿಂತು ಹೇಳಿದರು: “ಒಳ್ಳೇದಾಯ್ತು ಸಾ. ನಮ್ ತ್ವಾಟದಲ್ಲಿ ಅಳಿಲಿನ ಕಾಟ ವಿಪರೀತ.”

ಅಳಿಲಿಗೆ ಸಣ್ಣ ಬೋರೇ ಸಾಕೆಂದು ಕೂಗಿ ಕರೆಯಬೇಕಿತ್ತು. ಆದರೆ ನಾನು ಮೊದಲು ಮಾಡಿದ ಕೆಲಸವೆಂದರೆ, ಪಕ್ಕದ ಮೇಜಿನವರಿಗೆ ಅದು ಕೇಳಿಸಿತೇ ಎಂದು ತಿರುಗಿ ನೋಡಿದ್ದು.